ಗಣಕದ ನಾಡಿ ಹಿಡಿಯುವ ತಂತ್ರಾಂಶಗಳು

ಶಾಲೆಯ ಗಣಕ ಕೊಠಡಿಯಲ್ಲಿ ನಿನ್ನೆಯವರೆಗೆ ಚೆನ್ನಾಗಿದ್ದ ಒಂದು ಕಂಪ್ಯೂಟರ್ ಇಂದು ಕುಂಟತೊಡಗುತ್ತದೆ. ಕಡತ ತೆರೆಯಲು ಹೊತ್ತು ಹಿಡಿಯುತ್ತದೆ. ಪಾಠದ ನಡುವೆ ತಾನಾಗಿಯೇ ಆರಿಹೋಗುತ್ತದೆ. ಆಗ ಸಿಗುವ ಸಲಹೆಗಳು ಹಲವು: "ವೈರಸ್ ಸೇರಿರಬೇಕು", "ಮೆಮೊರಿ ಸಾಲದು", "ಹಳೆಯದಾಯಿತು, ಹೊಸದನ್ನೇ ಕೊಳ್ಳಿ". ಇವುಗಳಲ್ಲಿ ಒಂದು ನಿಜವಿರಬಹುದು. ಯಾವುದೂ ನಿಜವಲ್ಲದೆಯೂ ಇರಬಹುದು. ಫ್ಯಾನಿನ ಕೆಳಗೆ ಕಟ್ಟಿಕೊಂಡ ದೂಳನ್ನು ತೆಗೆದರೆ ಮುಗಿಯುವ ತೊಂದರೆಗೆ ಹೊಸ ಕಂಪ್ಯೂಟರಿನ ಹಣ ಖರ್ಚಾಗುವುದುಂಟು. ಹಾಗೆಯೇ, ಕೆಡುತ್ತಿರುವ ಹಾರ್ಡ್ ಡಿಸ್ಕ್ ಕೊಟ್ಟ ಎಚ್ಚರಿಕೆಯನ್ನು ಯಾರೂ ಓದದೆ ಹಲವು ವರ್ಷಗಳ ಅಂಕಪಟ್ಟಿಗಳು ಒಂದೇ ದಿನದಲ್ಲಿ ಕಳೆದುಹೋಗುವುದೂ ಉಂಟು.

ಊಹೆಗಿಂತ ಅಳತೆ ಮೇಲು. ಜ್ವರವೆಂದು ಬಂದವರಿಗೆ ವೈದ್ಯರು ಮೊದಲು ಥರ್ಮಾಮೀಟರ್ ಇಡುತ್ತಾರೆ, ನಾಡಿ ನೋಡುತ್ತಾರೆ. ಕಂಪ್ಯೂಟರಿನ ತಾಪ, ಫ್ಯಾನಿನ ವೇಗ, ವಿದ್ಯುತ್ ವಿಭವ, ಪ್ರೊಸೆಸರ್‌ನ ದುಡಿಮೆ, ಮೆಮೊರಿಯ ಬಳಕೆ, ಡಿಸ್ಕಿನ ಆರೋಗ್ಯ ಇವನ್ನೆಲ್ಲ ತೋರಿಸುವ ತಂತ್ರಾಂಶಗಳೂ ಇವೆ. ವಿಂಡೋಸ್‌ನೊಡನೆ ಬರುವ ಟಾಸ್ಕ್ ಮ್ಯಾನೇಜರ್, ಲಿನಕ್ಸ್‌ನ 'ಟಾಪ್' ಆದೇಶ, ಎಚ್‌ಡಬ್ಲ್ಯುಇನ್ಫೋ, ಎಚ್‌ಡಬ್ಲ್ಯುಮಾನಿಟರ್, ಕೋರ್ ಟೆಂಪ್, ಎಲ್‌ಎಂ-ಸೆನ್ಸರ್ಸ್, ಸ್ಮಾರ್ಟ್‌ಮಾನ್‌ಟೂಲ್ಸ್ ಇವು ಕೆಲವು ಹೆಸರುಗಳು. ಹೆಚ್ಚಿನವನ್ನು ಹಣ ಕೊಡದೆ ಬಳಸಬಹುದು.

ಪರದೆಯ ಮೇಲೆ ಸಂಖ್ಯೆ ಮೂಡಿದ ಮಾತ್ರಕ್ಕೆ ಅಳತೆ ಮುಗಿಯಿತೆ? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಒಂದು ಪಾಠಾಂಕವನ್ನು ತಂದು ತೋರಿಸಿದಾಗ ನಾವು ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಯಾವ ಉಪಕರಣದಿಂದ ಅಳೆದೆ? ಅದರ ಶೂನ್ಯ ಸರಿಯಿದೆಯೆ? ಕನಿಷ್ಠ ಅಳತೆ ಎಷ್ಟು? ಇದು ಒಂದು ಕ್ಷಣದ ಬೆಲೆಯೋ, ಸರಾಸರಿಯೋ? ಇದೇ ಪ್ರಶ್ನೆಗಳನ್ನು ಕಂಪ್ಯೂಟರಿನ ಪಾಠಾಂಕಗಳಿಗೂ ಕೇಳಬೇಕು. ಕೇಳದಿದ್ದರೆ ಸರಿಯಾದ ಸಂಖ್ಯೆಯಿಂದಲೇ ತಪ್ಪು ತೀರ್ಮಾನಕ್ಕೆ ಬರಬಹುದು. ಹೇಗೆಂಬುದನ್ನು ಕೆಲವು ಉದಾಹರಣೆಗಳಿಂದ ನೋಡೋಣ.

ತಂತ್ರಾಂಶ ಅಳೆಯುವುದಿಲ್ಲ, ಓದುತ್ತದೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ತಂತ್ರಾಂಶ ತಾನಾಗಿ ತಾಪವನ್ನಾಗಲಿ ವಿಭವವನ್ನಾಗಲಿ ಅಳೆಯಲಾರದು. ಅಳೆಯುವುದು ಯಂತ್ರಾಂಶದೊಳಗಿನ ಸಂವೇದಕ. ಅದು ಕೊಡುವ ವಿದ್ಯುತ್ ಸಂಕೇತವನ್ನು ಒಂದು ಪರಿವರ್ತಕ ಅಂಕಿಯಾಗಿ ಬದಲಿಸಿ ರಿಜಿಸ್ಟರ್ ಎಂಬ ಪುಟ್ಟ ಸ್ಮೃತಿಕೋಶದಲ್ಲಿ ಇಡುತ್ತದೆ. ತಂತ್ರಾಂಶ ಆ ಅಂಕಿಯನ್ನು ಓದಿ, ತನಗೆ ಗೊತ್ತಿರುವ ಸೂತ್ರದಿಂದ ಗುಣಿಸಿ, ಕೂಡಿ, ನಮಗೆ ತೋರಿಸುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ತಪ್ಪಿದರೂ ಕೊನೆಯ ಸಂಖ್ಯೆ ತಪ್ಪುತ್ತದೆ.

1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಎಲ್‌ಎಂ 78 ಎಂಬ ಚಿಪ್ಪನ್ನು ತಯಾರಿಸಿತು. ಮದರ್‌ಬೋರ್ಡಿನ ಮೇಲೆ ಕುಳಿತು ವಿಭವ, ತಾಪ, ಫ್ಯಾನಿನ ವೇಗಗಳನ್ನು ಗಮನಿಸುವುದೇ ಅದರ ಕೆಲಸ. ಲಿನಕ್ಸ್‌ನ ಎಲ್‌ಎಂ-ಸೆನ್ಸರ್ಸ್ ತಂತ್ರಾಂಶದ ಹೆಸರಿನಲ್ಲಿ ಈ ಚಿಪ್ ವರ್ಗದ ನೆನಪು ಇಂದಿಗೂ ಉಳಿದಿದೆ. ಎಲ್‌ಎಂ 78ರ ಪರಿವರ್ತಕ 0ಯಿಂದ ಸುಮಾರು 4.1 ವೋಲ್ಟ್‌ವರೆಗಿನ ವಿಭವವನ್ನು 256 ಮೆಟ್ಟಿಲುಗಳಾಗಿ ಹಂಚುತ್ತದೆ. ಒಂದೊಂದು ಮೆಟ್ಟಿಲು 16 ಮಿಲಿವೋಲ್ಟ್.

ಆದರೆ ಕಂಪ್ಯೂಟರಿನಲ್ಲಿ 12 ವೋಲ್ಟ್ ತಂತಿಯೂ ಇದೆ. ಅದನ್ನು ನೇರವಾಗಿ ಈ ಚಿಪ್ಪಿಗೆ ಕೊಡಲಾಗದು. ಎರಡು ರೋಧಕಗಳ ವಿಭವ ವಿಭಾಜಕದಿಂದ ಅದನ್ನು, ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ ಎನ್ನೋಣ. ಆಗ ಒಂದು ಮೆಟ್ಟಿಲಿಗೆ 64 ಮಿಲಿವೋಲ್ಟ್ ಬಂತು. ಪರದೆಯ ಮೇಲೆ 12.032 ವೋಲ್ಟ್ ಎಂದು ಕಂಡ ಮೇಲೆ ಮುಂದಿನ ಪಾಠಾಂಕ 12.096. ಇವೆರಡರ ನಡುವೆ ಯಾವ ಬೆಲೆಯೂ ಬರಲು ಸಾಧ್ಯವೇ ಇಲ್ಲ. ದಶಮಾಂಶ ಬಿಂದುವಿನ ಮುಂದೆ ಮೂರು ಅಂಕಿಗಳಿದ್ದರೂ ಅಳತೆಯ ನಿಖರತೆ ಅಷ್ಟಿಲ್ಲ. ಸಾರ್ಥಕ ಅಂಕಿಗಳ ಪಾಠಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಇನ್ನೊಂದು ತೊಡಕೂ ಇದೆ. ರೋಧಕಗಳ ಅನುಪಾತ ಎಲ್ಲ ಮದರ್‌ಬೋರ್ಡ್‌ಗಳಲ್ಲಿ ಒಂದೇ ಅಲ್ಲ. ತಂತ್ರಾಂಶಕ್ಕೆ ಸರಿಯಾದ ಅನುಪಾತ ತಿಳಿಯದಿದ್ದರೆ ಆರೋಗ್ಯವಾಗಿರುವ 12 ವೋಲ್ಟ್ ತಂತಿ 9 ವೋಲ್ಟ್ ಎಂದು ಕಾಣಬಹುದು. 12 ವೋಲ್ಟ್ ತಂತಿ ನಿಜವಾಗಿಯೂ 9ಕ್ಕೆ ಇಳಿದಿದ್ದರೆ ಕಂಪ್ಯೂಟರ್ ನೆಮ್ಮದಿಯಿಂದ ಓಡುವುದು ಕಷ್ಟ! ಇಂಥ ಸಂದರ್ಭದಲ್ಲಿ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಬದಲಿಸುವ ಮೊದಲು, ತಿಳಿದವರಿಂದ ಮಲ್ಟಿಮೀಟರಿನಲ್ಲಿ ಅಳೆಸಿ ನೋಡುವುದು ಜಾಣತನ.

ಡಯೋಡೇ ಥರ್ಮಾಮೀಟರ್

ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ಚೂರಿನೊಳಗೆ ಪಾದರಸದ ಥರ್ಮಾಮೀಟರನ್ನು ಇಡುವಂತಿಲ್ಲ. ಅಲ್ಲಿ ತಾಪವನ್ನು ಅಳೆಯುವುದು ಹೇಗೆ? ಸಿಲಿಕಾನಿನಿಂದಲೇ. ಪಿ-ಎನ್ ಸಂಧಿ ಡಯೋಡಿನ ಪಾಠ ಪದವಿಪೂರ್ವ ತರಗತಿಯಲ್ಲೇ ಬರುತ್ತದೆ. ಸ್ಥಿರ ಪ್ರವಾಹ ಹರಿಯುತ್ತಿರುವ ಸಿಲಿಕಾನ್ ಡಯೋಡಿನ ಮುಮ್ಮುಖ ವಿಭವ, ತಾಪ 1 ಡಿಗ್ರಿ ಏರಿದಾಗ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದ್ದರಿಂದ ಡಯೋಡೇ ಥರ್ಮಾಮೀಟರ್ ಆಗಬಲ್ಲದು.

ಒಂದು ಅಡ್ಡಿಯಿದೆ. ಒಂದು ಡಯೋಡಿನಂತೆ ಇನ್ನೊಂದು ಇರುವುದಿಲ್ಲ. ತಯಾರಿಕೆಯ ಸಣ್ಣ ವ್ಯತ್ಯಾಸದಿಂದ ಪ್ರತಿಯೊಂದರ ವಿಭವವೂ ಬೇರೆ. ಇದನ್ನು ದಾಟಲು ಒಂದು ಸೊಗಸಾದ ಉಪಾಯವಿದೆ. ಅದೇ ಡಯೋಡಿನಲ್ಲಿ ಮೊದಲು ಒಂದು ಪ್ರವಾಹ, ಅನಂತರ ಅದರ ಹತ್ತರಷ್ಟು ಪ್ರವಾಹ ಹರಿಸಿ ಎರಡು ವಿಭವಗಳ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದು. ಆಗ ಡಯೋಡಿನ ಸ್ವಂತ ಗುಣ ಲೆಕ್ಕದಿಂದ ಬಿದ್ದುಹೋಗುತ್ತದೆ. ಉಳಿಯುವುದು ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿ, ಅದನ್ನು ನಿರಪೇಕ್ಷ ತಾಪದಿಂದಲೂ ಹತ್ತರ ಸ್ವಾಭಾವಿಕ ಲಾಗರಿದಮ್‌ನಿಂದಲೂ ಗುಣಿಸಿದ ಮೊತ್ತ. ಆದರ್ಶ ಡಯೋಡಿನಲ್ಲಿ 300 ಕೆಲ್ವಿನ್ ತಾಪಕ್ಕೆ ಇದು ಸುಮಾರು 59.5 ಮಿಲಿವೋಲ್ಟ್. ತಾಪ ಒಂದು ಡಿಗ್ರಿ ಬದಲಾದರೆ ಆಗುವ ವ್ಯತ್ಯಾಸ ಸುಮಾರು 0.2 ಮಿಲಿವೋಲ್ಟ್ ಮಾತ್ರ.

ಇಷ್ಟು ಚಿಕ್ಕ ವ್ಯತ್ಯಾಸವನ್ನು, ಕೋಟ್ಯಂತರ ಟ್ರಾನ್ಸಿಸ್ಟರುಗಳು ಹೊತ್ತಿ ಆರುತ್ತಿರುವ ಗದ್ದಲದ ನಡುವೆ ಹಿಡಿಯಬೇಕು. ಆದಕಾರಣ ಪಾಠಾಂಕದಲ್ಲಿ ಕೆಲವು ಡಿಗ್ರಿಗಳ ಹೆಚ್ಚುಕಡಿಮೆ ಇದ್ದರೆ ಆಶ್ಚರ್ಯವಿಲ್ಲ.

ಒಂದೇ ಚಿಪ್, ಎರಡು ತಾಪ

2006ರಲ್ಲಿ ಬಂದ ಕೋರ್ ಸರಣಿಯಿಂದ ಇಂಟೆಲ್ ಪ್ರೊಸೆಸರ್‌ಗಳ ಒಳಗೆ ಡಿಜಿಟಲ್ ಸಂವೇದಕಗಳಿವೆ. ಇವುಗಳ ಒಂದು ವಿಶೇಷ ಹಲವರಿಗೆ ತಿಳಿದಿಲ್ಲ. ರಿಜಿಸ್ಟರಿನಲ್ಲಿ ಇರುವುದು "ಈಗಿನ ತಾಪ ಇಷ್ಟು" ಎಂಬ ಸಂಖ್ಯೆಯಲ್ಲ. "ಗರಿಷ್ಠ ಮಿತಿಗೆ ಇನ್ನೂ ಇಷ್ಟು ಡಿಗ್ರಿ ಬಾಕಿ" ಎಂಬ ಸಂಖ್ಯೆ. ಬಾವಿಯ ಕಟ್ಟೆಯಿಂದ ನೀರಿಗೆ ಎಷ್ಟು ಆಳ ಎಂದು ಹಗ್ಗದಿಂದ ಅಳೆದಂತೆ ಇದು. ನೀರು ಎಷ್ಟು ಅಡಿ ಇದೆ ಎಂದು ತಿಳಿಯಬೇಕಾದರೆ ಬಾವಿಯ ಒಟ್ಟು ಆಳ ಗೊತ್ತಿರಬೇಕು. ಮಿತಿ 100 ಡಿಗ್ರಿಯಾಗಿದ್ದು ರಿಜಿಸ್ಟರಿನಲ್ಲಿ 40 ಇದ್ದರೆ ತಾಪ 60 ಡಿಗ್ರಿ. ಅದೇ ಮಿತಿಯನ್ನು 85 ಎಂದು ಭಾವಿಸಿದರೆ ತಾಪ 45 ಡಿಗ್ರಿ!

ಮೊದಲ ಕೆಲವು ವರ್ಷ ಎಲ್ಲ ಮಾದರಿಗಳ ಈ ಮಿತಿ ಬಹಿರಂಗವಾಗಿರಲಿಲ್ಲ. ತಂತ್ರಾಂಶ ಬರೆಯುವವರು ಅಂದಾಜು ಮಾಡಬೇಕಾಯಿತು. ಹೀಗಾಗಿ ಒಂದೇ ಯಂತ್ರದಲ್ಲಿ ಎರಡು ತಂತ್ರಾಂಶಗಳು ಎರಡು ತಾಪಗಳನ್ನು ತೋರಿಸುತ್ತಿದ್ದವು. ಸಂವೇದಕ ಒಂದೇ, ಅದರ ಪಾಠಾಂಕವೂ ಒಂದೇ. ಬೇರೆಯಾಗಿದ್ದುದು ಶೂನ್ಯಬಿಂದುವಿನ ಕಲ್ಪನೆ. ಅಲ್ಲದೆ ಈ ಸಂವೇದಕಗಳ ಮುಖ್ಯ ಉದ್ದೇಶ ಚಿಪ್ ಸುಟ್ಟುಹೋಗದಂತೆ ಕಾಯುವುದು. ಆದ್ದರಿಂದ ಅವು ಮಿತಿಯ ಹತ್ತಿರ ಹೆಚ್ಚು ನಂಬಲರ್ಹ. ಯಂತ್ರ ಸುಮ್ಮನಿದ್ದಾಗಿನ ಕಡಿಮೆ ತಾಪದಲ್ಲಿ ಅಷ್ಟಾಗಿ ಅಲ್ಲ. ಕೆಲವೊಮ್ಮೆ ಚಿಪ್ಪಿನ ತಾಪ ಕೊಠಡಿಯ ತಾಪಕ್ಕಿಂತ ಕಡಿಮೆ ಎಂದು ಪರದೆ ತೋರಿಸುವುದಿದೆ. ಸ್ವತಃ ಉಷ್ಣವನ್ನು ಉತ್ಪಾದಿಸುತ್ತಿರುವ, ಬರಿಯ ಗಾಳಿಯಿಂದ ತಣಿಯುತ್ತಿರುವ ವಸ್ತು ಆ ಗಾಳಿಗಿಂತ ತಂಪಾಗಿರಲಾರದು. ಅಂಥ ಪಾಠಾಂಕವನ್ನು ತಳ್ಳಿಹಾಕಲು ಉಷ್ಣಗತಿವಿಜ್ಞಾನವೇ ಸಾಕು.

ಇನ್ನೊಂದು ಉದಾಹರಣೆ 2017ರದು. ಆ ವರ್ಷದ ಮಾರ್ಚ್‌ನಲ್ಲಿ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದವು. 1700ಎಕ್ಸ್ ಮತ್ತು 1800ಎಕ್ಸ್ ಮಾದರಿಗಳನ್ನು ಕೊಂಡವರು ತಾಪ ನೋಡಿ ಬೆಚ್ಚಿದರು. ಎಎಂಡಿ ಆಮೇಲೆ ವಿವರಿಸಿತು: ಈ ಎರಡು ಮಾದರಿಗಳು ಹೊರಗೆ ತಿಳಿಸುವ ತಾಪಕ್ಕೆ ಬೇಕೆಂದೇ 20 ಡಿಗ್ರಿ ಸೇರಿಸಲಾಗಿದೆ, ಎಲ್ಲ ಮಾದರಿಗಳಲ್ಲೂ ಫ್ಯಾನಿನ ನಿಯಂತ್ರಣ ಒಂದೇ ರೀತಿ ಇರಲೆಂಬುದು ಉದ್ದೇಶ. ಪರದೆಯಲ್ಲಿ 58 ಡಿಗ್ರಿ ಕಂಡರೆ ಒಳಗಿನ ನಿಜ ತಾಪ 38. ಇದು ಸಂವೇದಕದ ದೋಷವಲ್ಲ. ಆ ಸಂಖ್ಯೆ ಹುಟ್ಟಿದ್ದು ಫ್ಯಾನಿಗೆ ಆಜ್ಞೆ ಕೊಡಲು. ಅದನ್ನು ಜನ ತಾಪವೆಂದು ಓದಿದರು, ಅಷ್ಟೇ.

ಕೊಠಡಿಯ ತಾಪವನ್ನು ಕಳೆಯಿರಿ

"ನನ್ನ ಪ್ರೊಸೆಸರ್ 80 ಡಿಗ್ರಿ ತೋರಿಸುತ್ತಿದೆ, ಇದು ಅಪಾಯವೆ?" ಎಂಬ ಪ್ರಶ್ನೆಗೆ ಉತ್ತರಿಸಲು ಇನ್ನೂ ಎರಡು ವಿಷಯ ತಿಳಿಯಬೇಕು: ಕೊಠಡಿಯ ತಾಪ ಎಷ್ಟು, ಆಗ ಪ್ರೊಸೆಸರ್ ಎಷ್ಟು ದುಡಿಯುತ್ತಿತ್ತು. ಇಲ್ಲಿ ಓಮನ ನಿಯಮದಂಥದೇ ಒಂದು ಸಂಬಂಧವಿದೆ. ಪ್ರವಾಹದ ಜಾಗದಲ್ಲಿ ಪ್ರತಿ ಸೆಕೆಂಡಿಗೆ ಹರಿಯುವ ಉಷ್ಣ, ವಿಭವಾಂತರದ ಜಾಗದಲ್ಲಿ ತಾಪದ ವ್ಯತ್ಯಾಸ, ವಿದ್ಯುತ್ ರೋಧದ ಜಾಗದಲ್ಲಿ ಉಷ್ಣ ರೋಧ.

25 ಡಿಗ್ರಿಯ ಕೊಠಡಿಯಲ್ಲಿ 65 ವಾಟ್ ಬಳಸುತ್ತಿರುವ ಪ್ರೊಸೆಸರ್ 70 ಡಿಗ್ರಿಯಲ್ಲಿ ನಿಂತರೆ ವ್ಯತ್ಯಾಸ 45 ಡಿಗ್ರಿ. ಉಷ್ಣ ರೋಧ ವಾಟ್ ಒಂದಕ್ಕೆ ಸುಮಾರು 0.69 ಡಿಗ್ರಿ. ಇದೇ ಯಂತ್ರ ಮಡಿಕೇರಿಯ 20 ಡಿಗ್ರಿಯ ಮಳೆಗಾಲದಲ್ಲಿ 65 ತೋರಿಸೀತು. ರಾಯಚೂರಿನ 42 ಡಿಗ್ರಿಯ ಮೇ ಮಧ್ಯಾಹ್ನದಲ್ಲಿ 87 ತೋರಿಸೀತು. ಮೂರೂ ಕಡೆ ಯಂತ್ರದ ಸ್ಥಿತಿ ಒಂದೇ. ಆದ್ದರಿಂದ ಯಂತ್ರದ ಆರೋಗ್ಯವನ್ನು ಹೇಳುವುದು ಬರಿಯ ತಾಪವಲ್ಲ. ಕೊಠಡಿಯ ತಾಪ ಕಳೆದು ಉಳಿದ ವ್ಯತ್ಯಾಸ. ಅದೇ ಕೆಲಸಕ್ಕೆ ಜನವರಿಯಲ್ಲಿ 45 ಡಿಗ್ರಿ ಇದ್ದ ವ್ಯತ್ಯಾಸ ಜೂನ್‌ನಲ್ಲಿ 60 ಆಗಿದ್ದರೆ ಉಷ್ಣ ಹೊರಹೋಗುವ ದಾರಿಯಲ್ಲಿ ಅಡ್ಡಿ ಬಂದಿದೆ. ಹೆಚ್ಚಿನ ಸಲ ಅದು ದೂಳು. ಕೆಲವೊಮ್ಮೆ ಚಿಪ್ಪಿಗೂ ಲೋಹದ ರೆಕ್ಕೆಗಳಿಗೂ ನಡುವೆ ಹಚ್ಚಿದ ಉಷ್ಣವಾಹಕ ಪೇಸ್ಟ್ ಒಣಗಿರುತ್ತದೆ.

ಫ್ಯಾನಿನ ವೇಗವನ್ನು ನೋಡಿದರೆ ಇದು ತಿಳಿಯುವುದಿಲ್ಲವೆ? ಇಲ್ಲ. ಫ್ಯಾನು ಸಾಮಾನ್ಯವಾಗಿ ಒಂದು ಸುತ್ತಿಗೆ ಎರಡು ವಿದ್ಯುತ್ ಸ್ಪಂದಗಳನ್ನು ಕಳಿಸುತ್ತದೆ. ಸೆಕೆಂಡಿಗೆ 40 ಸ್ಪಂದಗಳು ಬಂದರೆ ನಿಮಿಷಕ್ಕೆ 1,200 ಸುತ್ತು. ಇದು ಸುತ್ತಿನ ಎಣಿಕೆಯೇ ಹೊರತು ಗಾಳಿಯ ಅಳತೆಯಲ್ಲ. ರೆಕ್ಕೆಗಳ ಸಂದಿಯಲ್ಲಿ ದೂಳು ಕಟ್ಟಿಕೊಂಡಿದ್ದರೂ ಫ್ಯಾನು 1,200 ಸುತ್ತು ಸುತ್ತುತ್ತಲೇ ಇರಬಹುದು.

ತಾಪ ಮಿತಿಯನ್ನು ಮುಟ್ಟಿದಾಗ ಈಗಿನ ಪ್ರೊಸೆಸರ್‌ಗಳು ತಮ್ಮ ಗಡಿಯಾರದ ಆವೃತ್ತಿಯನ್ನು ತಾವೇ ಇಳಿಸಿಕೊಂಡು ಉಷ್ಣವನ್ನು ತಗ್ಗಿಸುತ್ತವೆ. ಆಗ ಕಂಪ್ಯೂಟರ್ ಕೆಡುವುದಿಲ್ಲ, ನಿಧಾನವಾಗುತ್ತದೆ. ಬಳಸುವವರಿಗೆ "ಹಳೆಯದಾಯಿತು" ಎನಿಸುವುದು ಇಂಥ ಹೊತ್ತಿನಲ್ಲೇ. ತಾಪವನ್ನೂ ಆವೃತ್ತಿಯನ್ನೂ ಜೊತೆಯಾಗಿ ನೋಡಿ. ತಾಪ ಮಿತಿಯಲ್ಲಿ ನಿಂತು ಆವೃತ್ತಿ ಕುಸಿದಿದ್ದರೆ ಬೇಕಾದದ್ದು ಮೃದುವಾದ ಬ್ರಷ್. ಹೊಸ ಕಂಪ್ಯೂಟರ್ ಅಲ್ಲ. ಸ್ವಚ್ಛ ಮಾಡುವ ಮೊದಲು ವಿದ್ಯುತ್ ಸಂಪರ್ಕ ಕಿತ್ತಿರಬೇಕೆಂದು ಬೇರೆ ಹೇಳಬೇಕಿಲ್ಲ.

ಶೇಕಡಾ ನೂರು ಎಂದರೆ ಯಾವುದರ ನೂರು?

ತಾಪ, ವೇಗಗಳು ಭೌತ ಪರಿಮಾಣಗಳು. "ಪ್ರೊಸೆಸರ್ ಬಳಕೆ ಶೇಕಡಾ ಇಷ್ಟು" ಎಂಬುದಕ್ಕೆ ಸಂವೇದಕವಿಲ್ಲ. ಅದು ಕಾರ್ಯಾಚರಣ ವ್ಯವಸ್ಥೆ ಮಾಡುವ ಲೆಕ್ಕ. ಮೂಲತಃ ಈ ಲೆಕ್ಕ ಸರಳ: ಒಂದು ಅವಧಿಯಲ್ಲಿ ಪ್ರೊಸೆಸರ್ ಕೆಲಸವಿಲ್ಲದೆ ಕಳೆದ ಕಾಲವನ್ನು ಬಿಟ್ಟು ಉಳಿದದ್ದೆಲ್ಲ ಬಳಕೆ.

ಈಗಿನ ಪ್ರೊಸೆಸರ್‌ನೊಳಗೆ ಹಲವು ತಿರುಳುಗಳಿರುತ್ತವೆ. ಎಂಟು ತಿರುಳುಗಳ ಯಂತ್ರದಲ್ಲಿ ಒಂದೇ ತಿರುಳನ್ನು ಬಳಸಬಲ್ಲ ಪ್ರೋಗ್ರಾಂ ತನ್ನ ಪೂರ್ಣ ಶಕ್ತಿಯಿಂದ ಓಡುತ್ತಿದೆ ಎನ್ನಿ. ಟಾಸ್ಕ್ ಮ್ಯಾನೇಜರ್ ಎಂಟರಲ್ಲಿ ಒಂದು ಪಾಲು, ಅಂದರೆ ಸುಮಾರು ಶೇಕಡಾ 12.5 ತೋರಿಸುತ್ತದೆ, ಆವೃತ್ತಿಯ ಏರಿಳಿತದಿಂದ ಇದು ತುಸು ಬದಲಾದೀತು. ಲಿನಕ್ಸ್‌ನ 'ಟಾಪ್' ಅದೇ ಪ್ರೋಗ್ರಾಮಿಗೆ ಶೇಕಡಾ 100 ತೋರಿಸುತ್ತದೆ. ಎರಡೂ ಸರಿ. ಒಂದರ ಛೇದದಲ್ಲಿ ಇಡೀ ಯಂತ್ರವಿದೆ, ಇನ್ನೊಂದರ ಛೇದದಲ್ಲಿ ಒಂದು ತಿರುಳು. ಛೇದ ತಿಳಿಯದವರು "ಬರಿ 12 ಶೇಕಡಾ ಬಳಕೆ, ಆದರೂ ಇಷ್ಟು ನಿಧಾನ!" ಎಂದು ಅಚ್ಚರಿಪಡುತ್ತಾರೆ. ಆ ಪ್ರೋಗ್ರಾಂ ತನಗೆ ಸಾಧ್ಯವಾದಷ್ಟು ವೇಗವಾಗಿಯೇ ಓಡುತ್ತಿದೆ.

ಎಣಿಕೆಯ ವಿಧಾನದಲ್ಲೂ ಒಂದು ಸ್ವಾರಸ್ಯವಿದೆ. ಹಲವು ವ್ಯವಸ್ಥೆಗಳು ಸೆಕೆಂಡಿಗೆ 100ರಿಂದ 1,000 ಬಾರಿ "ಈಗ ಯಾವ ಪ್ರೋಗ್ರಾಂ ಓಡುತ್ತಿದೆ?" ಎಂದು ಇಣುಕಿ ನೋಡಿ, ಸಿಕ್ಕಿದವರ ಹೆಸರಿಗೆ ಆ ಪೂರ್ತಿ ಅವಧಿಯನ್ನು ಬರೆಯುತ್ತಿದ್ದವು. ಎರಡು ಇಣುಕುಗಳ ನಡುವೆ ದುಡಿದು, ಇಣುಕುವ ಕ್ಷಣಕ್ಕೆ ಸರಿಯಾಗಿ ಮಲಗುವ ಪ್ರೋಗ್ರಾಂ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹೀಗೆ ಪ್ರೊಸೆಸರ್‌ನ ಬಹುಭಾಗವನ್ನು ಕದ್ದು ಬಳಸಬಹುದೆಂದು 2007ರಲ್ಲಿ ಸಂಶೋಧಕರು ಮಾಡಿ ತೋರಿಸಿದರು. ಮಿನುಗುವ ಸ್ಟ್ರೋಬ್ ದೀಪದಲ್ಲಿ ತಿರುಗುವ ಫ್ಯಾನು ನಿಂತಂತೆ ಕಾಣುವುದೂ ಇದೇ ಕಾರಣಕ್ಕೆ.

ಲಿನಕ್ಸ್‌ನಲ್ಲಿ 'ಲೋಡ್ ಆವರೇಜ್' ಎಂಬ ಮೂರು ಸಂಖ್ಯೆಗಳಿವೆ. ಪ್ರೊಸೆಸರ್‌ಗಾಗಿ ಸಾಲಿನಲ್ಲಿರುವ ಕೆಲಸಗಳ 1, 5 ಮತ್ತು 15 ನಿಮಿಷಗಳ ಸರಾಸರಿ ಎಂದು ಇವನ್ನು ವರ್ಣಿಸುವುದುಂಟು. ವಾಸ್ತವವಾಗಿ ಇವು ನಾವು ಶಾಲೆಯಲ್ಲಿ ಕಲಿಸುವ ಸರಾಸರಿಗಳಲ್ಲ. ಹಳೆಯದನ್ನು ಘಾತೀಯವಾಗಿ ಮರೆಯುತ್ತ ಹೋಗುವ ಸರಾಸರಿಗಳು. ಖಾಲಿ ಇದ್ದ ಯಂತ್ರದಲ್ಲಿ ಒಂದು ಕೆಲಸ ಬಿಡುವಿಲ್ಲದೆ ಓಡತೊಡಗಿದರೆ ಒಂದು ನಿಮಿಷದ ಕೊನೆಯಲ್ಲಿ ಮೊದಲ ಸಂಖ್ಯೆ 1 ಆಗಿರುವುದಿಲ್ಲ; ಸುಮಾರು 0.63 ಆಗಿರುತ್ತದೆ. ಎರಡನೆಯದು 0.18, ಮೂರನೆಯದು 0.06. ರೋಧಕದ ಮೂಲಕ ಕೆಪಾಸಿಟರ್ ಆವೇಶಗೊಳ್ಳುವ ವಕ್ರರೇಖೆಯನ್ನು ಬರೆದವರಿಗೆ 0.63 ಪರಿಚಿತ ಸಂಖ್ಯೆ. ಒಂದು ಕಾಲಸ್ಥಿರಾಂಕ ಕಳೆದಾಗ ತುಂಬಿದ ಪಾಲು ಅದು.

1993ರಿಂದ ಲಿನಕ್ಸ್ ಈ ಎಣಿಕೆಯಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸಗಳನ್ನೂ ಸೇರಿಸುತ್ತದೆ. ಆದ್ದರಿಂದ ಲೋಡ್ ಹೆಚ್ಚಿದ್ದು ಪ್ರೊಸೆಸರ್ ಬಳಕೆ ಕಡಿಮೆಯಿದ್ದರೆ ಗೊಂದಲಪಡಬೇಕಿಲ್ಲ. ಪ್ರೊಸೆಸರ್ ಬಿಡುವಾಗಿದೆ, ಕೆಲಸಗಳು ಡಿಸ್ಕಿನ ಬಾಗಿಲಲ್ಲಿ ಕಾದು ಕುಳಿತಿರಬಹುದು. ಆಗ ಹೆಚ್ಚು ವೇಗದ ಪ್ರೊಸೆಸರ್ ಹಾಕಿಸಿ ಪ್ರಯೋಜನವಿಲ್ಲ.

ಮೆಮೊರಿಯ ವಿಚಾರದಲ್ಲೂ ಎಚ್ಚರ ಬೇಕು. ಲಿನಕ್ಸ್‌ನ 'ಫ್ರೀ' ಆದೇಶ ಕೊಟ್ಟಾಗ ಖಾಲಿ ಮೆಮೊರಿ ತೀರ ಕಡಿಮೆ ಎಂದು ಕಂಡು ಗಾಬರಿಯಾಗುವವರಿದ್ದಾರೆ. ಬಳಸದೆ ಬಿಟ್ಟ ಮೆಮೊರಿಯಿಂದ ಲಾಭವಿಲ್ಲವಾದ್ದರಿಂದ ವ್ಯವಸ್ಥೆ ಅದರಲ್ಲಿ ಡಿಸ್ಕಿನಿಂದ ಓದಿದ ಕಡತಗಳ ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಯಾವುದಾದರೂ ಪ್ರೋಗ್ರಾಮಿಗೆ ಬೇಕಾದಾಗ ತೆರವು ಮಾಡಿಕೊಡುತ್ತದೆ. ಹೀಗಾಗಿ "ಖಾಲಿ" ಬೇರೆ, "ಬಳಕೆಗೆ ಲಭ್ಯ" ಬೇರೆ. ಈ ಎರಡನೆಯ ಸಂಖ್ಯೆಯನ್ನು ಲಿನಕ್ಸ್ ತಿರುಳು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೊಡತೊಡಗಿದ್ದು 2014ರಲ್ಲಿ. ಮೆಮೊರಿ ಸಾಲದೆಂದು ಹೇಳುವ ಮೊದಲು ನೋಡಬೇಕಾದದ್ದು ಅದನ್ನು.

ಡಿಸ್ಕ್ ಕೊಡುವ ಎಚ್ಚರಿಕೆ

ಪ್ರೊಸೆಸರ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಡಿಸ್ಕ್ ಕೆಟ್ಟರೆ ಅದರೊಳಗಿನ ಮಾಹಿತಿ ಅಂಗಡಿಯಲ್ಲಿ ಸಿಗದು. ಹಾಗಾಗಿ ಇಡೀ ಕಂಪ್ಯೂಟರಿನಲ್ಲಿ ಹೆಚ್ಚು ಗಮನ ಬೇಕಾದ ಭಾಗ ಡಿಸ್ಕ್. ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯದ ದಾಖಲೆಯನ್ನು ತಾವೇ ಇಟ್ಟುಕೊಳ್ಳುತ್ತವೆ. ಈ ಏರ್ಪಾಡಿನ ಹೆಸರು 'ಸ್ಮಾರ್ಟ್'. ಎಷ್ಟು ಗಂಟೆ ಓಡಿದೆ, ತಾಪ ಎಷ್ಟು, ಕೆಟ್ಟ ವಲಯಗಳ ಬದಲಿಗೆ ಮೀಸಲು ವಲಯಗಳನ್ನು ಎಷ್ಟು ಬಾರಿ ಬಳಸಬೇಕಾಯಿತು, ಓದಲಾಗದೆ ಬಾಕಿ ಉಳಿದ ವಲಯಗಳೆಷ್ಟು ಎಂಬ ವಿವರಗಳು ಅದರಲ್ಲಿರುತ್ತವೆ.

ಇದನ್ನು ಓದುವ ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶದ ಹಿನ್ನೆಲೆ ಭೌತವಿಜ್ಞಾನಿಗಳಿಗೆ ಆಸಕ್ತಿ ತರುವಂಥದು. 2002ರಲ್ಲಿ ಇದನ್ನು ಆರಂಭಿಸಿದವರು ಬ್ರೂಸ್ ಅಲೆನ್. ಆಗ ಅವರು ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯದಲ್ಲಿ ಗುರುತ್ವ ತರಂಗಗಳನ್ನು ಹುಡುಕುತ್ತಿದ್ದರು. ಲೈಗೊ ಸಂಸೂಚಕಗಳ ದತ್ತಾಂಶವನ್ನು ಜರಡಿ ಹಿಡಿಯಲು ನೂರಾರು ಕಂಪ್ಯೂಟರುಗಳ ಗುಚ್ಛ ಬೇಕಿತ್ತು. ಅಷ್ಟು ಡಿಸ್ಕುಗಳಿದ್ದ ಮೇಲೆ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಮೊದಲೇ ತಿಳಿಯುವ ದಾರಿ ಬೇಕು. ಅದಕ್ಕೆಂದು ಹುಟ್ಟಿದ ತಂತ್ರಾಂಶ ಇಂದು ಸಾಮಾನ್ಯ ಕಂಪ್ಯೂಟರುಗಳನ್ನೂ ಕಾಯುತ್ತಿದೆ. ಅವರು ಹುಡುಕುತ್ತಿದ್ದ ತರಂಗ 2015ರ ಸೆಪ್ಟೆಂಬರ್ 14ರಂದು ಲೈಗೊಗೆ ಮೊದಲ ಬಾರಿ ಸಿಕ್ಕಿತು.

ಸ್ಮಾರ್ಟ್ ಸಂಖ್ಯೆಗಳನ್ನು ಎಷ್ಟು ನಂಬಬಹುದು? 2007ರಲ್ಲಿ ಗೂಗಲ್ ಕಂಪನಿಯ ಪಿನ್ಹೈರೊ, ವೆಬರ್ ಮತ್ತು ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು. ಮೊದಲ ಬಾರಿ ಮೀಸಲು ವಲಯಕ್ಕೆ ಕೈಹಾಕಿದ ಡಿಸ್ಕಿಗೆ ಇದು 14 ಪಟ್ಟಿಗಿಂತ ಹೆಚ್ಚು. ಆದ್ದರಿಂದ ಇವು ಸೊನ್ನೆಯಿಂದ ಮೇಲೇಳುವುದನ್ನು ಹಗುರವಾಗಿ ಎಣಿಸಬಾರದು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಇನ್ನೂ ಮುಖ್ಯ. ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ಇಂಥ ನಾಲ್ಕು ಪ್ರಮುಖ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನೂರು ಡಿಸ್ಕುಗಳು ಕೆಟ್ಟರೆ ಐವತ್ತಾರು ಈ ಯಾವ ಸೂಚನೆಯನ್ನೂ ಕೊಡದೆ ಕೆಟ್ಟವು ಎಂದರ್ಥ. ಈ ಎರಡು ಫಲಿತಾಂಶಗಳ ನಡುವೆ ವಿರೋಧವಿಲ್ಲ. ಪರೀಕ್ಷೆ "ಕಾಯಿಲೆಯಿದೆ" ಎಂದರೆ ನಂಬಬಹುದು; "ಕಾಯಿಲೆಯಿಲ್ಲ" ಎಂದರೆ ನಂಬುವಂತಿಲ್ಲ. ಡಿಸ್ಕಿನ ಎದುರು 'ಆರೋಗ್ಯ ಉತ್ತಮ' ಎಂಬ ಹಸಿರು ಗುರುತು ಕಂಡು ನಿಶ್ಚಿಂತರಾಗುವವರು ಈ ಅಂತರವನ್ನು ತಿಳಿದಿರಬೇಕು. ಆ ಗುರುತು ಇನ್ನೊಂದು ಪ್ರತಿಗೆ ಬದಲಿಯಲ್ಲ.

ಅಳೆಯುವುದೂ ಒಂದು ಕೆಲಸ

ಚಿಕ್ಕ ಪ್ರನಾಳದಲ್ಲಿನ ಬಿಸಿ ನೀರಿಗೆ ದೊಡ್ಡ ಥರ್ಮಾಮೀಟರ್ ಅದ್ದಿದರೆ ನೀರೇ ತಣ್ಣಗಾಗುತ್ತದೆ. ಉಸ್ತುವಾರಿ ತಂತ್ರಾಂಶವೂ ಪ್ರೊಸೆಸರ್ ಮತ್ತು ಮೆಮೊರಿಯನ್ನು ಬಳಸುವ ಒಂದು ಪ್ರೋಗ್ರಾಂ. ಸೆಕೆಂಡಿಗೆ ಹತ್ತು ಸಲ ಎಲ್ಲ ಸಂವೇದಕಗಳನ್ನೂ ಓದಿಸಿದರೆ ಮಲಗಬೇಕಿದ್ದ ತಿರುಳುಗಳು ಎದ್ದು ಕೂರುತ್ತವೆ. ತಾಪ ತುಸು ಏರುತ್ತದೆ. ಶಾಲೆಯ ಬಳಕೆಗೆ ಐದು ಸೆಕೆಂಡಿಗೊಮ್ಮೆ ಓದಿದರೆ ಧಾರಾಳವಾಯಿತು.

ಸುರಕ್ಷತೆಯ ಪ್ರಶ್ನೆಯೂ ಇದೆ. ರಿಜಿಸ್ಟರುಗಳನ್ನು ನೇರವಾಗಿ ಓದಲು ತಂತ್ರಾಂಶಕ್ಕೆ ವ್ಯವಸ್ಥೆಯ ಒಳಕೋಣೆಯ ಬೀಗದ ಕೈ ಬೇಕಾಗುತ್ತದೆ. ವಿಂಡೋಸ್‌ನ ಹಲವು ಉಸ್ತುವಾರಿ ತಂತ್ರಾಂಶಗಳು ಇದಕ್ಕಾಗಿ ವಿನ್‌ರಿಂಗ್0 ಎಂಬ ಚಾಲಕವನ್ನು ಬಳಸುತ್ತಿದ್ದವು. ಅದರಲ್ಲಿ ದುರುಪಯೋಗಕ್ಕೆ ಎಡೆಕೊಡುವ ದೋಷವಿದ್ದುದರಿಂದ 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಅದನ್ನು ಅಪಾಯಕಾರಿ ಎಂದು ಗುರುತಿಸತೊಡಗಿತು. ಆದ್ದರಿಂದ ಇಂಥ ತಂತ್ರಾಂಶಗಳನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು, ಹೊಸ ಆವೃತ್ತಿಯನ್ನೇ ಬಳಸಬೇಕು, ಬೇಡವಾದಾಗ ತೆಗೆದುಹಾಕಬೇಕು.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗಗಳು. ಇವುಗಳಿಗೆ ಬೇಕಾದದ್ದು ಒಂದು ಕಂಪ್ಯೂಟರ್, ಕೊಠಡಿಯ ಥರ್ಮಾಮೀಟರ್ ಮತ್ತು ನಕ್ಷೆ ಹಾಳೆ.

ಮೊದಲನೆಯದು ತಣಿಯುವ ವಕ್ರರೇಖೆ. ಕೊನೆಯಿಲ್ಲದ ಲೂಪ್ ಇರುವ ಚಿಕ್ಕ ಪ್ರೋಗ್ರಾಂ ಬರೆದು, ಅದರ ಹಲವು ಪ್ರತಿಗಳನ್ನು ಹತ್ತು ನಿಮಿಷ ಓಡಿಸಿ. ತಾಪ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ, ಐದು ಸೆಕೆಂಡಿಗೊಮ್ಮೆ ತಾಪವನ್ನು ಬರೆದುಕೊಳ್ಳಿ. ನ್ಯೂಟನ್ನನ ತಣಿಯುವಿಕೆಯ ನಿಯಮದಂತೆ ಒಂದೇ ನಯವಾದ ರೇಖೆ ಬರುತ್ತದೆಯೆ? ಮೊದಲು ಥಟ್ಟನೆ ಒಂದು ಇಳಿತ, ಅನಂತರ ನಿಧಾನದ ಇಳಿತ ಕಾಣಬೇಕು. ಮೊದಲನೆಯದು ಕಡಿಮೆ ಉಷ್ಣಧಾರಕತೆಯ ಸಿಲಿಕಾನ್ ಚೂರಿನದು, ಎರಡನೆಯದು ಭಾರವಾದ ಲೋಹದ ರೆಕ್ಕೆಗಳದು.

ಎರಡನೆಯದು ಲೋಡ್ ಸರಾಸರಿ. ಲಿನಕ್ಸ್ ಇರುವ, ಬೇರೆ ಕೆಲಸವಿಲ್ಲದ ಯಂತ್ರದಲ್ಲಿ ಅದೇ ಪ್ರೋಗ್ರಾಮಿನ ಒಂದೇ ಪ್ರತಿಯನ್ನು ಓಡಿಸಿ, ಹತ್ತು ಸೆಕೆಂಡಿಗೊಮ್ಮೆ ಮೂರೂ ಸಂಖ್ಯೆಗಳನ್ನು ಬರೆದುಕೊಂಡು ನಕ್ಷೆ ಬಿಡಿಸಿ. ಅರವತ್ತನೆಯ ಸೆಕೆಂಡಿನಲ್ಲಿ 0.63ರ ಆಸುಪಾಸು ಬಂದಿತೆ ನೋಡಿ. ಬಾರದಿದ್ದರೆ ಹಿನ್ನೆಲೆಯಲ್ಲಿ ಇನ್ನಾವ ಕೆಲಸ ನಡೆಯುತ್ತಿದೆ ಎಂದು ಹುಡುಕಿ.

ಶಿಕ್ಷಕರಿಗೆ ಒಂದು ಸೂಚನೆ. ಗಣಕ ಕೊಠಡಿಯಲ್ಲಿ ಒಂದು ನೋಟುಪುಸ್ತಕವಿರಲಿ. ಪ್ರತಿ ಯಂತ್ರಕ್ಕೆ ಒಂದು ಪುಟ. ತಿಂಗಳಿಗೊಮ್ಮೆ, ಒಂದೇ ಕೆಲಸವನ್ನು ಹತ್ತು ನಿಮಿಷ ಕೊಟ್ಟು, ಕೊಠಡಿಯ ತಾಪ, ಪ್ರೊಸೆಸರ್‌ನ ತಾಪ, ಎರಡರ ವ್ಯತ್ಯಾಸ, ಗಡಿಯಾರದ ಆವೃತ್ತಿ, ಡಿಸ್ಕಿನ ಬದಲಿ ವಲಯಗಳ ಸಂಖ್ಯೆ ಇವನ್ನು ಬರೆಯಲಿ. ಈ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಹುದು. ಯಂತ್ರ ಚೆನ್ನಾಗಿರುವಾಗಲೇ ಬರೆಯತೊಡಗಬೇಕು. ಕೆಟ್ಟ ಮೇಲೆ ಹೋಲಿಸಲು ಹಳೆಯ ಸಂಖ್ಯೆ ಇರುವುದಿಲ್ಲ. ಶೂನ್ಯಬಿಂದುವಿನಲ್ಲಿ ಕೆಲವು ಡಿಗ್ರಿ ತಪ್ಪಿದ್ದರೂ ಚಿಂತೆಯಿಲ್ಲ. ಅದೇ ಯಂತ್ರ, ಅದೇ ತಂತ್ರಾಂಶ, ಅದೇ ಕೆಲಸವಾದಾಗ ಆ ತಪ್ಪು ಎರಡು ತಿಂಗಳ ಪಾಠಾಂಕಗಳಲ್ಲೂ ಇದ್ದು, ಕಳೆಯುವಾಗ ಹೊರಟುಹೋಗುತ್ತದೆ.

ವ್ಯತ್ಯಾಸ ಏರುತ್ತ ಹೋದರೆ ದೂಳು ತೆಗೆಸಿ. ಬದಲಿ ವಲಯಗಳ ಸಂಖ್ಯೆ ಸೊನ್ನೆ ಬಿಟ್ಟು ಮೇಲೆದ್ದರೆ ಅಂದೇ ಮಾಹಿತಿಯನ್ನು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ, ಡಿಸ್ಕ್ ಬದಲಿಸುವ ಏರ್ಪಾಡು ಮಾಡಿ. ಸಂಖ್ಯೆ ಸೊನ್ನೆಯಲ್ಲೇ ನಿಂತಿದ್ದರೂ ಅಂಕಪಟ್ಟಿಯಂಥ ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಆ ಸೊನ್ನೆಗೆ ಎಷ್ಟು ಬೆಲೆ ಎಂಬುದನ್ನು ಒಂದು ಲಕ್ಷ ಡಿಸ್ಕುಗಳ ಅಧ್ಯಯನ ಆಗಲೇ ಹೇಳಿದೆ.